ಅತ್ತಿಗೆಯ ಟಿಲ್ಲರಿಗೆ ರಜೆ

ನಿನ್ನೆ ಮೂಡುಬಿದಿರೆಯಿಂದ ಶಿರ್ತಾಡಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಅಂಗಿಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ನಾನು ಇನ್ನಷ್ಟು ಹತ್ತಿರ ಸರಿದೆ. ಅವರು ಜೇಬು ಭದ್ರ ಮಾಡಿಕೊಂಡರು. ಅವರಿಗೇನು ಗೊತ್ತು, ಆ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ನಮ್ಮ ಸುಮತಿ ಅತ್ತಿಗೆ ಎಂದು!

ಅಣ್ಣ ಗಲ್ಫಿಗೆ ಹೋದ ಮೇಲೆ ನಮ್ಮ ಗದ್ದೆ ಉಳುವ ಟಿಲ್ಲರ್ ಅತ್ತಿಗೆಯ ಕೈಗೆ ಬಂತು. ನಿನ್ನ ಕೈಗೇಕೆ ಬರಲಿಲ್ಲ ಎಂದು ಕೇಳಬೇಡಿ. ನಾನು ಶಾಲೆಯ ಮಾಷ್ಟ್ರು. ಯಂತ್ರದ ಬಗ್ಗೆ ಪಾಠ ಮಾಡಬಲ್ಲೆ, ಮುಟ್ಟಲಾರೆ. ಪ್ರತಿವರ್ಷ ಎರಡನೆಯ ಬೆಳೆಯಾದ ಸುಗ್ಗಿಯ ಉಳುಮೆ ಮುಗಿದು ಚಳಿ ಶುರುವಾದಾಗ ಟಿಲ್ಲರನ್ನು ತೊಳೆದು, ಎಣ್ಣೆ ಬಳಿದು, ಮುಂದಿನ ಮಳೆಗಾಲದವರೆಗೆ ಕೊಟ್ಟಿಗೆಯಲ್ಲಿ ಮುಚ್ಚಿಡಬೇಕು. ಆ ದಿನ ಅಣ್ಣನ ವಿಡಿಯೊ ಕರೆ ತಪ್ಪುತ್ತಿರಲಿಲ್ಲ. ಫೋನ್ ಹಿಡಿಯುವುದು ನನ್ನ ಕೆಲಸ.

"ಡೀಸೆಲ್ ಪೂರ್ತಿ ಖಾಲಿ ಮಾಡು," ಎನ್ನುತ್ತಿದ್ದ ಅಣ್ಣ.

"ಹೂಂ, ಮಾಡ್ತೇನೆ," ಎನ್ನುತ್ತಲೇ ಅತ್ತಿಗೆ ಟ್ಯಾಂಕಿನ ಕಂಠದವರೆಗೆ ಡೀಸೆಲ್ ತುಂಬಿಸುತ್ತಿದ್ದರು. ನಾನು ಫೋನನ್ನು ಮೆಲ್ಲನೆ ತೆಂಗಿನಮರದತ್ತ ತಿರುಗಿಸುತ್ತಿದ್ದೆ.

"ಮರ ಯಾಕೆ ತೋರಿಸುದು ಮಾರಾಯ?"

"ಈ ಸಲ ಕಾಯಿ ಒಳ್ಳೆಯದುಂಟು ಅಣ್ಣ."

ಒಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೊಂದು ಡಿಸೆಂಬರಿನಲ್ಲಿ ಅಣ್ಣ ಕೆಲಸ ಬಿಟ್ಟು ಊರಿಗೇ ಬಂದ. ಬಂದ ಮೂರನೆಯ ದಿನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, "ಇನ್ನು ನೀನು ಕೂತ್ಕೋ. ನಾನುಂಟಲ್ಲ," ಎಂದು ಅತ್ತಿಗೆಗೆ ಹೇಳಿದ. ಇಲಿ ನುಗ್ಗದಂತೆ ಹೊಗೆಕೊಳವೆಯ ಬಾಯಿಗೆ ಅತ್ತಿಗೆ ಮುಚ್ಚಿದ್ದ ತೆಂಗಿನ ಗೆರಟೆಯನ್ನು ತೆಗೆದು, "ಎಂಜಿನಿಗೆ ಟೊಪ್ಪಿಯಾ?" ಎಂದು ನಕ್ಕ. ಡೀಸೆಲ್ ಖಾಲಿ ಮಾಡಿದ. ಬಿಚ್ಚಿದ, ಒರೆಸಿದ, ಜೋಡಿಸಿದ. ಕೊನೆಗೆ ಎರಡು ಬೋಲ್ಟ್ ಉಳಿದವು. ಅತ್ತಿತ್ತ ನೋಡಿ ಜೇಬಿಗೆ ಹಾಕಿಕೊಂಡ. ನಾನೂ ನೋಡಿದೆ, ಅತ್ತಿಗೆಯೂ ನೋಡಿದರು.

ಮರುದಿನ ಅವನು ನಾರಾವಿಗೆ ಒಂದು ಮದುವೆಗೆ ಹೋದಾಗ ಅತ್ತಿಗೆ ಬೆಲ್ಟಿನ ಕವಚಕ್ಕೆ ಎರಡು ಹೊಸ ಬೋಲ್ಟ್ ಬಿಗಿದರು, ಡೀಸೆಲ್ ತುಂಬಿಸಿದರು, ಟೊಪ್ಪಿಯನ್ನೂ ಇಟ್ಟರು. ಅಣ್ಣ ಮದುವೆಯೂಟ ಮುಗಿಸಿ ಬಂದವನು ನೇರ ಕೊಟ್ಟಿಗೆಗೇ ನಡೆದ. ಉಳಿದ ಬೋಲ್ಟಿನ ಚಿಂತೆ ಅವನನ್ನು ಪಾಯಸ ಉಣ್ಣಲೂ ಬಿಟ್ಟಿರಲಿಲ್ಲವಂತೆ. ಹೊಳೆಯುವ ಹೊಸ ಬೋಲ್ಟುಗಳನ್ನು ನೋಡಿ ಅತ್ತಿಗೆಯತ್ತ ತಿರುಗಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡರು. "ಅಷ್ಟು ದೂರದಿಂದ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದವಳು. ಮನೆಗೆ ಬಂದ ಮೇಲೆ ಅಲ್ಲ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇಲ್ಲಿ ತನಗೇನೂ ಕೆಲಸ ಇಲ್ಲ ಅಂತ ನಿಮಗೆ ಕಂಡರೆ?"

ಅಣ್ಣನ ಮುಖ ಚಿಕ್ಕದಾಯಿತು. ಅತ್ತಿಗೆ ಹೆದರಿದ್ದೂ ಅದಕ್ಕೇ. ಆದರೆ ಅವನು ಟಿಲ್ಲರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ: "ಡೀಸೆಲ್ ತುಂಬಿಸಿಡುದು ಯಾಕೆ?"

"ಖಾಲಿ ಇದ್ದರೆ ಒಳಗೆ ನೀರಿನ ಪಸೆ ಹಿಡಿದು ಟ್ಯಾಂಕಿಗೆ ತುಕ್ಕು."

ಅರ್ಧ ಗಂಟೆ ಪಾಠ ನಡೆಯಿತು. ಅಷ್ಟು ಗಮನವಿಟ್ಟು ಕೇಳಿದ ಒಬ್ಬ ವಿದ್ಯಾರ್ಥಿಯೂ ನನಗೆ ಇದುವರೆಗೆ ಸಿಕ್ಕಿಲ್ಲ.

ನಿನ್ನೆ ಬಸ್ಸಿಳಿದು ಮನೆಗೆ ಬಂದಾಗ ಅಂಗಳದಲ್ಲಿ ಗಂಡಹೆಂಡತಿ ಟಿಲ್ಲರನ್ನು ತೊಳೆದಿಡುವ ಅದೇ ಕೆಲಸದಲ್ಲಿದ್ದರು. ಏನಾಯಿತೋ, ಚೀಲ ಜಗಲಿಯಲ್ಲಿಟ್ಟು, "ಅತ್ತಿಗೆ, ನನಗೂ ಸ್ವಲ್ಪ ಹೇಳಿಕೊಡಿ," ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಗಾದರೆ ಮೊದಲು ಆ ಇಸ್ತ್ರಿ ಅಂಗಿ ಬಿಚ್ಚಿ ಬಾ ಮಾಷ್ಟ್ರೇ," ಎಂದರು ಅತ್ತಿಗೆ.

ಬಿಚ್ಚಿದೆ.