ಒದ್ದೆ ಕೈಯ ತೀರ್ಪು

ಇದನ್ನು ಬರೆಯಲು ಕೂತಾಗಲೆಲ್ಲ ಕನ್ನಡಕ ಕಾಣುತ್ತಿರಲಿಲ್ಲ, ಇಲ್ಲವೇ ನಿದ್ದೆ ಬರುತ್ತಿತ್ತು. ಹಾಗೆ ಮುಂದೂಡುತ್ತಲೇ ಮುದುಕನಾದೆ. ಇವತ್ತು ಕನ್ನಡಕ ಮೂಗಿನ ಮೇಲೇ ಇದೆ, ಕೇಳಿ.

ಹಿಂದೂಪುರದಲ್ಲಿ ಸೋದರಮಾವನ ಹುಣಿಸೆಹಣ್ಣಿನ ಮಂಡಿಗೆ ನಾನು ಸೇರಿದ್ದು ಬ್ರಿಟಿಷರಿನ್ನೂ ಇದ್ದ ಕಾಲದಲ್ಲಿ, ಹೈಸ್ಕೂಲು ಮುಗಿಸಿದ ಬಿಸಿಯಲ್ಲಿ. ಇಂಗ್ಲಿಷಿನಲ್ಲಿ ಸಹಿ ಹಾಕಬಲ್ಲವನಿಗೆ ಹಣ್ಣಿನ ಗುಣ ತಿಳಿಯದಿದ್ದೀತೇ ಎಂಬುದು ನನ್ನ ನಂಬಿಕೆ. ಹಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ ಎಂದು ಹೇಳುವುದು ಅಲ್ಲಿನ ಪದ್ಧತಿ. ಹಿಂದಿನ ವಾರವಷ್ಟೇ ಕಲ್ಯಾಣದುರ್ಗದವನೊಬ್ಬ ನಮಗೆ ಒದ್ದೆ ಹಣ್ಣು ದಾಟಿಸಿ ಹೋಗಿದ್ದ. ಅಷ್ಟು ಸಾಕಾಯಿತು, ಆ ಒಬ್ಬನ ನೀರಿನಲ್ಲಿ ನಾನು ಇಡೀ ಊರನ್ನೇ ಮುಳುಗಿಸಿಬಿಟ್ಟೆ.

ಸುಡುಬಿಸಿಲಿನ ಮಧ್ಯಾಹ್ನ ಅದೇ ಊರಿನ ಹೆಂಗಸೊಬ್ಬಳು ಗಾಡಿ ತುಂಬ ಹಣ್ಣು ತಂದಳು. ಊರಿನ ಹೆಸರು ಕೇಳಿದೊಡನೆ ನನ್ನ ತೀರ್ಪು ಸಿದ್ಧವಾಗಿತ್ತು. ಮುಷ್ಟಿ ಹಿಸುಕಿದ್ದು ಬರೀ ಶಾಸ್ತ್ರಕ್ಕೆ. ಅಂಗೈ ತೇವವಾಗಿತ್ತು.

"ಏನಮ್ಮಾ, ನೀರು ಹೊಡೆದ್ಬುಟ್ಟಿದ್ದೀಯಲ್ಲ!" ಎಂದು ಮಂಡಿಗೆಲ್ಲ ಕೇಳುವಂತೆ ಕೂಗಿದೆ.

"ಕುಡಿಯಾಕೇ ನೀರಿಲ್ದಿರೋ ಊರು ಕಣಪ್ಪ ನಮ್ದು. ಹಣ್ಣಿಗೆ ಎಲ್ಲಿಂದ ತಂದು ಸುರೀಲಿ?" ಎಂದಳು ಅವಳು.

ಮಂಡಿಯೇ ನಕ್ಕಿತು. ಆ ಮಾತಿನಲ್ಲಿದ್ದ ನ್ಯಾಯವನ್ನು ಯೋಚಿಸಬಹುದಿತ್ತು. ನಾನು ರೇಗಿ, "ಮೋಸದ ಮಾಲು" ಎಂದುಬಿಟ್ಟೆ. ಆಮೇಲೆ ಬೇರೆ ಮಂಡಿಯವರೂ ಅದನ್ನು ಮುಟ್ಟಲಿಲ್ಲ. ಅವಳು ಗಾಡಿ ತಿರುಗಿಸಿದಳು.

ಊಟ ಮುಗಿಸಿ ಬಂದ ಮಾವ ನಡೆದದ್ದನ್ನು ಕೇಳಿ, ನನ್ನ ಮುಂದೆ ಉಳಿದಿದ್ದ ಹಿಡಿ ಹಣ್ಣನ್ನು ಹಿಸುಕಿ ನೋಡಿದರು. "ಒರೇಯ್ ಅಳಿಯಾ, ಮೊದ್ಲು ಕೈ ಒರೆಸ್ಕೊಂಡು ಹಿಡಿ ನೋಡಾನ."

ಒರೆಸಿಕೊಂಡು ಹಿಡಿದೆ. ಹಣ್ಣು ಒಣಗಿಯೇ ಇತ್ತು. ಒದ್ದೆಯೆಲ್ಲ ನನ್ನ ಬೆವರು.

"ಓಡೋಗಿ ಕರ್ಕೊಂಡ್ ಬಾರ್ಲಾ, ಗಾಡಿ ಇನ್ನೂ ಊರು ದಾಟಿರಾಕಿಲ್ಲ," ಎಂದರು. ನಾನು ಮೂಲೆಯ ಕಾಫಿ ಕ್ಲಬ್ಬಿನವರೆಗೆ ಓಡಿದೆ. ಅಲ್ಲಿ ಕೂತು ಕಾಫಿ ಕುಡಿದು, ಸಿಗಲಿಲ್ಲವೆಂದು ಬಂದು ಹೇಳಿದೆ.

ಮರುದಿನದಿಂದ ಮಾವ ನನ್ನ ಕೈಗೆ ಪಾಠ ಶುರುಮಾಡಿದರು. ಊರು ಕೇಳಬಾರದು, ಕೈ ಒರೆಸಿ, ಕಣ್ಣು ಮುಚ್ಚಿ, ಅನಿಸಿದ್ದನ್ನು ಗಟ್ಟಿಯಾಗಿ ಹೇಳಬೇಕು, ಆಮೇಲೆ ಹಣ್ಣನ್ನು ಬಿಸಿಲಿಗೆ ಹರಡಿ, ಸಂಜೆ ಮತ್ತೆ ತೂಗಿ, ಮಾತು ಸುಳ್ಳಾಗಿದ್ದರೆ ಎಲ್ಲರೆದುರು ಒಪ್ಪಿಕೊಳ್ಳಬೇಕು. ಸೋತೂ ಸೋತೂ ಕೈಗೆ ಬುದ್ಧಿ ಬಂತು. ಸ್ನೇಹಿತರೇ, ಒಳಗಿನ ಅನಿಸಿಕೆಯೆಂಬುದು ನಾವೆಣಿಸಿದಂತೆ ಹುಟ್ಟುಜಾಣನಲ್ಲ. ತಪ್ಪು ತೋರಿಸಿದರಷ್ಟೇ ಕಲಿಯುವ ಮೊಂಡು ವಿದ್ಯಾರ್ಥಿ. ಅದರ ಪಾಡಿಗೆ ಬಿಟ್ಟರೆ, ಹಿಂದಿನ ವಾರದ ಸಿಟ್ಟನ್ನೇ ಜ್ಞಾನವೆಂದು ಒಪ್ಪಿಸಿಬಿಡುತ್ತದೆ.

ಕ್ರಮೇಣ ಮಂಡಿಯಲ್ಲಿ ನನ್ನ ಕೈಗೆ ಒಳ್ಳೆಯ ಹೆಸರು ಬಂತು. ಅವಳಿಗೆ ನಾನು ಅಂಟಿಸಿದ ಕೆಟ್ಟ ಹೆಸರು ಹಾಗೆಯೇ ಉಳಿಯಿತು; ಅವಳು ಮತ್ತೆ ಹಿಂದೂಪುರಕ್ಕೆ ಬರಲಿಲ್ಲ. ಮದುವೆಗಳಿಗೆಂದು ಕಲ್ಯಾಣದುರ್ಗಕ್ಕೆ ಎಷ್ಟೋ ಸಲ ಹೋದೆ. ಅವಳ ಮನೆ ಯಾವುದೆಂದು ವಿಚಾರಿಸಿ ತಿಳಿದುಕೊಂಡೂ ಇದ್ದೆ. ಪ್ರತಿ ಸಲವೂ, ಪಾಪ, ಅವಳಿಗೆ ಹಳೆಯ ನೋವು ನೆನಪಾದೀತೆಂದು ಇನ್ನೊಂದು ಬೀದಿ ಹಿಡಿದೆ. ಅದು ಕರುಣೆಯಲ್ಲ, ಹೆದರಿಕೆ ಎಂದು ತಿಳಿಯಲು ನನಗೆ ಯಾರ ಪಾಠವೂ ಬೇಕಿರಲಿಲ್ಲ. ಈಗ ಅವಳಿಲ್ಲ.

ಅವತ್ತು ಊರು ಕೇಳಿದವನು ಹೆಸರು ಕೇಳಿರಲಿಲ್ಲ. ಅವಳು ಹನುಮಕ್ಕ.