ಬೂಟಿನೊಳಗಿನ ಕೆರೆ ನೀರು

ಶಕುನ, ಮುನ್ಸೂಚನೆ ಎಂದು ಬಂದವರನ್ನು ನಾನು ಮುಖದ ಮೇಲೆಯೇ ನಕ್ಕು ಕಳಿಸುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇವತ್ತು ಮರಳೂರಿನಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಇದೆಯೆಂದರೆ ಅದು ಈ ಎರಡು ಕೈಯಿಂದ, ಯಾವ ಶಕುನದಿಂದಲೂ ಅಲ್ಲ. ನನ್ನ ಬೆಸುಗೆ ಬಿಟ್ಟುಕೊಂಡಿತೆಂದು ಯಾರೂ ವಾಪಸ್ ಬಂದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಏನಾದರೂ ಅಂದುಕೊಳ್ಳಿ.

ಹೆಂಡತಿಯ ತಮ್ಮ ಲೋಕೇಶನಿಗೆ ನಿಟ್ಟೂರಿನ ಹತ್ತಿರ ತೋಟವಿತ್ತು, ತೋಟದ ಅಂಚಿಗೇ ಕೆರೆ. ಒಳ್ಳೆ ಮಳೆಯಾಗಿ ಕೆರೆ ಕೋಡಿ ಬಿದ್ದ ವರ್ಷ ಅವನಿಗೆ ಬೋಟಿನ ಹುಚ್ಚು ಹಿಡಿಯಿತು. ಸೆಕೆಂಡ್ ಹ್ಯಾಂಡ್ ಮೋಟಾರ್ ಬೋಟ್ ತಂದ. ಅದನ್ನು ಎಳೆಯುವ ಟ್ರೈಲರ್ ನಾನೇ ಮಾಡಿಕೊಟ್ಟೆ. ಮಾರಿದವನು ನಮ್ಮಿಬ್ಬರಿಗೂ ತೋರಿಸಿ ಹೇಳಿದ್ದ: ಬೋಟಿನ ಹಿಂಭಾಗದ ತಳದಲ್ಲಿ ಒಂದು ತೂತು, ಅದಕ್ಕೊಂದು ಬೂಚು. ತೊಳೆದ ನೀರು ಹರಿದುಹೋಗಲು ದಡದಲ್ಲಿ ಬಿಚ್ಚಬೇಕು, ಕೆರೆಗಿಳಿಸುವ ಮುಂಚೆ ಬಿಗಿಯಬೇಕು. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು. ಲೋಕೇಶನಿಗೆ ಈಜು ಬರುತ್ತಿರಲಿಲ್ಲ.

ಭಾನುವಾರ ಬೋಟಿಗೆ ಪೂಜೆ. ಹೆಂಡತಿ ಹೋದಳು. ನನಗೆ ಗುಬ್ಬಿಯವರೊಬ್ಬರ ಗೇಟು ಮುಗಿಸಬೇಕಿತ್ತು, ಹೋಗಲಿಲ್ಲ. ಮಧ್ಯಾಹ್ನ ಬೆಸುಗೆ ಹಾಕುತ್ತಿದ್ದಾಗ ಎಡಗಾಲಿನ ಬೂಟಿನೊಳಗೆ ತಣ್ಣಗಾಯಿತು. ಕರೆಂಟಿನ ಕೆಲಸ, ಗಾಬರಿಯಾಗಿ ಮೆಷಿನ್ ಆಫ್ ಮಾಡಿದೆ. ಬೂಟು ಬಿಚ್ಚಿ ಬಗ್ಗಿಸಿದರೆ ನೀರು ಸುರಿಯಿತು. ಜೊತೆಗೊಂದು ಪಾಚಿಯ ಎಳೆ. ಕೆಸರಿನ ವಾಸನೆ. ನಮ್ಮ ಶಾಪಿನಲ್ಲಿ ನಲ್ಲಿಯೇ ಇಲ್ಲ, ನೆಲ ಬಿಸಿಲಿಗೆ ಕಾದಿತ್ತು.

ಜೊತೆಗೆ ಕೆಲಸ ಮಾಡುವ ಪಾಷಾ ನಕ್ಕ. "ಏನ್ ಗುರು, ಯಾವ್ ಮೋರಿಗ್ ಇಳಿದಿದ್ದೆ?"

ನಾನು ನಗಲಿಲ್ಲ. ಆ ಬೂಚು ಕಣ್ಣ ಮುಂದೆ ಬಂದಿತ್ತು. ಲೋಕೇಶನಿಗೆ ಫೋನ್ ಮಾಡಿದೆ.

"ಬೋಟ್ ಇಳಿಸಿದ್ರೇನ್ಲಾ?"

"ಇಲ್ಲ ಭಾವ, ಇನ್ನೇನ್ ತಳ್ತಾ ಇದೀವಿ. ಹೊರಟೋರನ್ನ ಹಿಂದಿನಿಂದ ಕೂಗ್ತೀರಲ್ಲ!"

"ಬೂಚು ನೋಡ್ಲಾ ಮೊದ್ಲು. ಜಾಕೆಟ್ ಹಾಕ್ಕೊಂಡ್ಯಾ?"

"ಅಯ್ಯೋ, ಅದನ್ನೂ ಪೂಜೆಗೆ ಕಟ್ಟವ್ರೆ ಕಣ್ ಭಾವ. ಸಂಜೆವರ್ಗೂ ಬಿಚ್ಚಂಗಿಲ್ಲ ಅಂತಾಳೆ ಅಕ್ಕ. ನೀವು ಗೇಟಿಗೆ ಬೆಸುಗೆ ಹಾಕಿ, ನನ್ ಬೋಟಿಗಲ್ಲ."

ಹಿಂದೆ ಯಾರೋ ನಕ್ಕರು. ಫೋನ್ ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಬೈಕ್ ತೆಗೆದುಕೊಂಡು ಹೊರಟೆ.

ನಾನು ತಲುಪುವ ಹೊತ್ತಿಗೆ ಕೆರೆಯ ನಡುವೆ ಬೋಟಿನ ಮೂತಿಯೊಂದೇ ಮೇಲಿತ್ತು. ಅದಕ್ಕೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಜಾಕೆಟ್‌ಗಳನ್ನು ಚೆಂಡುಹೂವಿನ ಹಾರದ ಜೊತೆ ಹಗ್ಗದಲ್ಲಿ ಬಿಗಿದು ಕಟ್ಟಿದ್ದರು. ಅವನ ಜೊತೆ ಹೋಗಿದ್ದ ಪಕ್ಕದ ತೋಟದವನು ಈಜಿ ದಡ ಸೇರಿದ್ದ. ಲೋಕೇಶನನ್ನು ಸಂಜೆ ತೆಗೆದರು. ಬೂಚು ಪೂಜೆಯ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲಿತ್ತು. ಬೋಟ್ ತೊಳೆದ ನೀರು ಹರಿದುಹೋಗಲೆಂದು ಅದನ್ನು ಬಿಚ್ಚಿದವರು ಅದಕ್ಕೂ ಕುಂಕುಮ ಇಟ್ಟಿದ್ದರು.

ಹನ್ನೊಂದನೇ ದಿನ ನೆಂಟರೆಲ್ಲರ ಎದುರಿಗೆ ಹೆಂಡತಿ ಕೇಳಿದಳು: "ಹೊರಟೋನ್ನ ಹಿಂದಿನಿಂದ ಕರೆದ್ರಲ್ಲ, ನಿಮ್ ಬಾಯಿಗೇನಾಗಿತ್ತು?" ಯಾರೂ ಅವಳನ್ನು ತಡೆಯಲಿಲ್ಲ. ನಿನಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಎಲ್ಲರೂ ಕೇಳಿದರು. ಬೂಟಿನ ವಿಷಯ ಹೇಳಿದೆ. ಮುಖ ಮುಖ ನೋಡಿಕೊಂಡರು. ಪಾಷಾನೇ ಬಂದು "ನೀರು ನಿಜ, ನೆಲ ಒರೆಸಿದ್ದು ನಾನು" ಎಂದರೂ ಅವನ ಮಾತು ಯಾರಿಗೆ ಬೇಕು?

ನನಗೇ ತಿಳಿಯದ್ದು ಇಷ್ಟೇ. ಆ ನೀರು ನನ್ನ ಬೂಟಿಗೆ ಬಂದಾಗ ಬೋಟು ಇನ್ನೂ ದಡದಲ್ಲಿತ್ತು. ಎಷ್ಟು ವರ್ಷ ಯೋಚಿಸಿದರೂ ಲೆಕ್ಕ ಕೂಡುತ್ತಿಲ್ಲ. ತಿಳಿಸಲೆಂದೇ ಬಂದಿದ್ದರೆ, ಯಾರ ಮಾತನ್ನು ನಾಲ್ಕು ಜನ ಕೇಳುತ್ತಾರೋ ಅಂಥವನ ಬೂಟಿಗೆ ಬರಬಾರದಿತ್ತೇ?

ಈಗ ನಾನು ಬೆಳಿಗ್ಗೆ ಶಾಪಿಗೆ ಹೊರಟರೆ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಊಟದ ಡಬ್ಬಿ ಮರೆತು ಹೋಗುತ್ತಿದ್ದರೂ ಹಿಂದಿನಿಂದ ಕರೆಯುವುದಿಲ್ಲ.