ಡೀಫಾಲ್ಟ್ ಯಾವುದಿರಲಿ ಎಂದು ಕೇಳಿದ ದಿನ

ನಮ್ಮ ಮದುವೆಗೆ ಎರಡೂ ಮನೆಯವರು ಕೊನೆಗೂ ಒಪ್ಪಿದ ವರ್ಷವೇ ನಾವು ಬೇರೆಯಾದೆವು. ಜಾತಿಯ ಕಾರಣಕ್ಕೆ ಮುರಿದುಬಿದ್ದಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತು. ಹಾಗಾಗಲಿಲ್ಲ.

ನಾನು ಹನುಮಂತನಗರದ ಮೇಷ್ಟರ ಮಗ. ಅವಳದು ಚಾಮರಾಜಪೇಟೆ, ತಂದೆಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಮನೆಯಲ್ಲಿ ದಿನವೂ ಲಿಂಗಪೂಜೆ. ಅವಳು ನಮ್ಮ ಮನೆಗೆ ಮೊದಲ ಸಲ ಬಂದಾಗ ಅಮ್ಮ ಕಾಫಿ ಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ. ಎರಡು ವರ್ಷ ಕಳೆದ ಮೇಲೆ ಅದೇ ಅಮ್ಮ, ಅವಳು ಬರುತ್ತಾಳೆಂದರೆ ಹಿಂದಿನ ದಿನವೇ ಅವರೆಕಾಳು ನೆನೆಹಾಕಿ ಹಿದುಕಿಡುವಷ್ಟು ಬದಲಾಗಿದ್ದಳು.

ಬಸವನಗುಡಿಯ ಹಳೇ ಮನೆಯೊಂದರ ಮಹಡಿಯಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಆಫೀಸು. ಎರಡು ಸಾವಿರದ ದಶಕದ ನಡುಭಾಗ. ದೊಡ್ಡ ಲೆಕ್ಕವೊಂದನ್ನು ಹತ್ತಾರು ಕಂಪ್ಯೂಟರುಗಳಿಗೆ ಹಂಚಿ ಮಾಡಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಒಂದು ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಬಿಚ್ಚಿ, ಸಾಲಾಗಿ ಜೋಡಿಸಿ ಕಳಿಸಬೇಕು. ಆಚೆ ಕಡೆ ಅದನ್ನು ಮತ್ತೆ ಮೊದಲಿನ ರೂಪಕ್ಕೆ ತರಬೇಕು. ಇದಕ್ಕೆ ಸೀರಿಯಲೈಸೇಶನ್ ಅನ್ನುತ್ತಾರೆ. ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬಂದ ವಿಧಾನವೊಂದಿತ್ತು. ನಿಧಾನ, ಆದರೆ ಸಾಮಾನ್ಯವಾಗಿ ಏನು ಕೊಟ್ಟರೂ ಸಾಗಿಸುತ್ತಿತ್ತು. ಅವಳು ವರ್ಷಕ್ಕೂ ಹೆಚ್ಚು ಕಾಲ ಕೂತು ಬರೆದದ್ದು ಇನ್ನೊಂದು. ಅದರ ವೇಗ ಕಂಡು ನಾವೆಲ್ಲ ಬೆರಗಾಗಿದ್ದೆವು. ಆದರೆ ಯಾವ ಯಾವ ಬಗೆಯ ಮಾಹಿತಿ ಬರುತ್ತದೆಂದು ಅದಕ್ಕೆ ಮೊದಲೇ ತಿಳಿಸಿರಬೇಕಿತ್ತು. ಮರೆತರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಗ್ರಾಹಕರು ಏನನ್ನೂ ಆರಿಸದಿದ್ದಾಗ ಇವೆರಡರಲ್ಲಿ ಯಾವುದು ತಾನಾಗಿ ನಡೆಯಬೇಕು, ಅಂದರೆ ಡೀಫಾಲ್ಟ್ ಯಾವುದು ಎನ್ನುವುದು ಪ್ರಶ್ನೆ. ಫೋನ್ ಬಿಲ್ಲಿನ ಲೆಕ್ಕ ಮಾಡುವ ಕಂಪನಿಯೊಂದಕ್ಕೆ ಪರೀಕ್ಷೆಗೆಂದು ಅವಳದ್ದನ್ನೇ ಡೀಫಾಲ್ಟ್ ಮಾಡಿ ಕೊಟ್ಟಿದ್ದೆವು. ಅಲ್ಲಿ ಹೋಗಿ ಕೂತವನು ನಾನು. ಅವರು ತಿಳಿಸಬೇಕಾದ್ದನ್ನು ತಿಳಿಸಿರಲಿಲ್ಲ. ಕೆಲಸ ಮತ್ತೆ ಮತ್ತೆ ನಿಂತುಹೋಯಿತು.

ಡೀಫಾಲ್ಟ್ ಯಾವುದೆಂದು ತೀರ್ಮಾನಿಸುವ ಮೀಟಿಂಗಿನ ಹಿಂದಿನ ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ದೋಸೆ ತಿನ್ನುತ್ತ, ಹಳೆಯದೇ ಇರಲಿ ಎಂದು ನನಗನ್ನಿಸಿದ್ದನ್ನು ಅವಳಿಗೆ ಹೇಳಿದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ.

"ನಾಳೆ ನೀನು ಸುಮ್ನಿರು. ಬೇರೆಯವ್ರು ಏನಾದ್ರೂ ಹೇಳ್ಕೊಳ್ಲಿ," ಎಂದಳು.

ಯಾರೂ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ ಎಂದೆ.

ಮಾರನೇ ದಿನ ಮೀಟಿಂಗಿನಲ್ಲಿ ಆಫೀಸಿನ ಯಜಮಾನರು ನೇರವಾಗಿ ನನ್ನನ್ನೇ ಕೇಳಿದರು. ಆ ಕಂಪನಿಯಲ್ಲಿ ಕೂತು ಕಣ್ಣಾರೆ ನೋಡಿದವನು ನಾನೊಬ್ಬನೇ. ಹೊಸದಾಗಿ ಬರುವವರ ಕೆಲಸ ಮೊದಲ ದಿನವೇ ನಿಂತರೆ ಅವರು ಮತ್ತೆ ಈ ಕಡೆ ತಲೆಹಾಕುವುದಿಲ್ಲ, ನಿಧಾನವಾದರೂ ಹಳೆಯದೇ ಡೀಫಾಲ್ಟ್ ಇರಲಿ, ವೇಗ ಬೇಕಾದವರು ಇವಳದ್ದನ್ನು ಆರಿಸಿಕೊಳ್ಳಲಿ ಎಂದೆ. ಎಲ್ಲರೂ ತಲೆಯಾಡಿಸಿದರು. ಅವಳು ಪೆನ್ನಿಗೆ ಕ್ಯಾಪು ಹಾಕಿ, "ಸರಿ, ನಾನೇ ಬದಲಾಯಿಸ್ತೀನಿ," ಎಂದಳು. ಆ ಭಾಗ ಅವಳದೇ ಆದ್ದರಿಂದ ಊಟದ ನಂತರ ತನ್ನ ಕೈಯಾರೆ ಬದಲಾಯಿಸಿದಳು.

ಸಂಜೆ ಬಸ್‌ಸ್ಟಾಪಿನವರೆಗೆ ಜೊತೆಯಲ್ಲೇ ನಡೆದೆವು.

"ನೀನ್ ಹೇಳಿದ್ದು ಸರಿನೇ," ಎಂದಳು. "ನನ್ನ ಕೇಳಿದ್ರೂ ಅದನ್ನೇ ಹೇಳ್ತಿದ್ನೇನೋ. ಆದ್ರೆ ಆ ರೂಮಲ್ಲಿ ಒಬ್ಬ ನನ್ನ ಕಡೆ ಇರ್ತಾನೆ ಅಂದ್ಕೊಂಡಿದ್ದೆ."

ನಿನ್ನ ಕಡೆಯಿರುವುದೇ ಬೇರೆ, ಆ ಪ್ರೋಗ್ರಾಮಿನ ಕಡೆಯಿರುವುದೇ ಬೇರೆ ಎಂದೆ.

"ನನಗೆ ಬೇರೆ ಅಲ್ಲ ಕಣೋ."

ಜಗಳವೇನೂ ಆಗಲಿಲ್ಲ. ಮುಹೂರ್ತದ ಮಾತು ಬಂದಾಗ ಆಷಾಢ ಕಳೆಯಲಿ ಎಂದಳು, ಆಮೇಲೆ ದಸರಾ ಮುಗಿಯಲಿ ಎಂದಳು. ದೀಪಾವಳಿಯ ಹೊತ್ತಿಗೆ, ನಿನ್ನ ಪಕ್ಕದಲ್ಲಿ ಕೂತಾಗ ಮೊದಲಿನ ಹಾಗೆ ನಿರಾಳ ಅನ್ನಿಸುವುದಿಲ್ಲ, ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ ಎಂದು ಅಳುತ್ತಲೇ ಹೇಳಿದಳು. ನಾನೂ ಅತ್ತೆ. ಅವಳು ಮೈಸೂರಿನಲ್ಲಿ ಕೆಲಸ ಹಿಡಿದಳು. ಒಂದೆರಡು ವರ್ಷದಲ್ಲಿ ಅಲ್ಲೇ ಮದುವೆಯಾಯಿತೆಂದು ಆಫೀಸಿನವರಿಂದ ತಿಳಿಯಿತು. ನಮ್ಮ ಸಾಫ್ಟ್‌ವೇರ್ ನಾಲ್ಕಾರು ಕಂಪನಿಗಳಿಗೆ ಹೋಯಿತು. ಹೆಚ್ಚಿನವರು ಡೀಫಾಲ್ಟನ್ನು ಮುಟ್ಟಲೇ ಇಲ್ಲ, ಕೆಲಸ ಎಲ್ಲೂ ನಿಲ್ಲಲೂ ಇಲ್ಲ. ನನ್ನ ಮಾತು ನಿಜವಾಯಿತು. ಅದರಿಂದ ಒಂದು ದಿನವೂ ಸಮಾಧಾನವಾಗಲಿಲ್ಲ.

ಅದಾಗಿ ಎಷ್ಟೋ ಕಾಲಕ್ಕೆ ಗಾಂಧಿ ಬಜಾರಿನಲ್ಲಿ ಅವಳ ತಂದೆ ಸಿಕ್ಕರು. ತಪ್ಪಿಸಿಕೊಳ್ಳೋಣವೆಂದರೆ ಅವರೇ ಕರೆದರು. ತಾವೇ ಒಪ್ಪಿದ ಮೇಲೂ ನಮ್ಮಿಬ್ಬರಿಗೆ ಏನಾಯಿತೆಂದು ಕೇಳಿದರು. ಹೂವಿನಂಗಡಿಯ ಪಕ್ಕದಲ್ಲಿ ನಿಂತು, ಸೀರಿಯಲೈಸೇಶನ್ ಎಂದರೇನು ಎಂಬಲ್ಲಿಂದ ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಅಷ್ಟೇನಾ?"

"ಅಷ್ಟೇ ಸಾರ್."

"ಅವಳೂ ಇದನ್ನೇ ಹೇಳಿದ್ಲು. ಏನೋ ಮುಚ್ಚಿಡ್ತಿದಾಳೆ ಅಂದ್ಕೊಂಡು ಇಷ್ಟ್ ವರ್ಷ ನಿನ್ನ ಬೈಕೊಂಡಿದ್ದೆ ಕಣಪ್ಪ."

ಕೈಚೀಲದಿಂದ ಎರಡು ಸೀಬೆಹಣ್ಣು ತೆಗೆದು, ಅಮ್ಮನಿಗೆ ಕೊಡು ಎಂದು ನನ್ನ ಕೈಯಲ್ಲಿಟ್ಟು ಹೊರಟರು. ಮನೆಗೆ ಬಂದು ಅಮ್ಮನಿಗೆ ಯಾರು ಕೊಟ್ಟದ್ದೆಂದು ಹೇಳಿದೆ. ಅವಳು ಹಣ್ಣನ್ನು ತೊಳೆದಿಡುತ್ತ, ಹುಡುಗಿ ಹೇಗಿದ್ದಾಳಂತೆ ಎಂದು ಕೇಳಿದಳು.

ನಾನು ಅದನ್ನು ಕೇಳಿರಲೇ ಇಲ್ಲ.